ಎರಡನೇ ರಾತ್ರಿಗೇ ಕೈಕೊಡುವ ಟ್ರೇಲರ್ ಬ್ಯಾಟರಿ: ತಪ್ಪು ಬ್ಯಾಟರಿಯದ್ದೇ?

ಪ್ರಶ್ನೆ: ನಮ್ಮ ಬಳಿ 22 ಅಡಿ ಉದ್ದದ ಪ್ರವಾಸಿ ಟ್ರೇಲರ್ ಇದೆ. ಅದರಲ್ಲಿ 12 ವೋಲ್ಟಿನ, ತಲಾ 100 ಆಂಪಿಯರ್-ಅವರ್ ಸಾಮರ್ಥ್ಯದ ಎರಡು ಸೀಸ-ಆಮ್ಲ ಬ್ಯಾಟರಿಗಳನ್ನು ಸಮಾಂತರವಾಗಿ ಜೋಡಿಸಿದ್ದೇವೆ. ಅವನ್ನು ಕೊಂಡು ಒಂದು ವರ್ಷವಷ್ಟೇ ಆಗಿದೆ. ಛಾವಣಿಯ ಮೇಲೆ 100 ವಾಟಿನ ಸೌರಫಲಕವಿದೆ. ಚಳಿಗಾಲದ ಹೊಸ್ತಿಲಲ್ಲಿ, ವಿದ್ಯುತ್ ಸಂಪರ್ಕವಿಲ್ಲದ ಒಂದು ಕಾಡಂಚಿನಲ್ಲಿ ನಾಲ್ಕು ದಿನ ತಂಗಲು ಹೋಗಿದ್ದೆವು. ಹೊರಡುವ ಹಿಂದಿನ ರಾತ್ರಿಯಿಡೀ ಮನೆಯಲ್ಲಿ ಪ್ಲಗ್ ಹಾಕಿ ಚಾರ್ಜ್ ಮಾಡಿದ್ದೆವು. ದಾರಿಯಲ್ಲಿ ಮೂರು ಗಂಟೆ ವಾಹನವೂ ಓಡಿತ್ತು. ಆದರೂ ಎರಡನೆಯ ರಾತ್ರಿ ಮೂರು ಗಂಟೆಯ ಹೊತ್ತಿಗೆ ಗ್ಯಾಸ್ ಹೀಟರಿನ ಫ್ಯಾನ್ ನಿಂತುಹೋಯಿತು. ಬೆಳಿಗ್ಗೆ ಹತ್ತಕ್ಕೆ ನೋಡಿದರೆ ಗೋಡೆಯ ಸೂಚಕದಲ್ಲಿ ನಾಲ್ಕೂ ದೀಪಗಳು ಉರಿದು ಬ್ಯಾಟರಿ ತುಂಬಿದೆ ಎಂದು ತೋರಿಸುತ್ತಿದ್ದವು! ಲ್ಯಾಪ್‌ಟಾಪಿಗಾಗಿ ಇಟ್ಟುಕೊಂಡ ಇನ್ವರ್ಟರ್ ಬಿಟ್ಟರೆ ದೊಡ್ಡ ಉಪಕರಣ ಯಾವುದನ್ನೂ ಬಳಸಿಲ್ಲ. ಫ್ರಿಜ್ ಗ್ಯಾಸಿನಲ್ಲೇ ನಡೆಯುತ್ತದೆ. ಒಬ್ಬರು ಲಿಥಿಯಂ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಮತ್ತೆರಡು ಬ್ಯಾಟರಿ ಸೇರಿಸಿ ಎನ್ನುತ್ತಾರೆ, ಮಗದೊಬ್ಬರು ಜನರೇಟರ್ ಕೊಳ್ಳಿ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ರಾತ್ರಿಯಿಡೀ ಚಾರ್ಜ್ ಮಾಡಿದ, ದಾರಿಯುದ್ದಕ್ಕೂ ಚಾರ್ಜ್ ಆದ, ಹಗಲು ಬಿಸಿಲಿನಲ್ಲೂ ಚಾರ್ಜ್ ಆದ ಹೊಸ ಬ್ಯಾಟರಿಗಳು ಎರಡು ರಾತ್ರಿಯೂ ಬಾಳಲಿಲ್ಲವೆಂದರೆ ಅವುಗಳಲ್ಲೇ ದೋಷವಿರಬೇಕು ಎಂಬುದು ನಿಮ್ಮ ಅನುಮಾನ. ನೀವು ಬರೆದಿರುವ ವಿವರಗಳನ್ನು ಕೂಡಿ ಕಳೆದು ನೋಡಿದರೆ ನನಗೆ ಕಾಣುವುದು ಬೇರೆಯೇ. ಆ ಮೂರೂ ಕಡೆಯಿಂದ ಬಂದ ಚಾರ್ಜ್ ನೀವು ಎಣಿಸಿದ್ದಕ್ಕಿಂತ ಬಹಳ ಕಡಿಮೆ, ಆದ ಖರ್ಚು ನೀವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು. ಬ್ಯಾಟರಿ ಸರಿಯಾಗಿ ಎರಡನೆಯ ರಾತ್ರಿ ಮೂರು ಗಂಟೆಗೆ ಮುಗಿಯಬೇಕಿತ್ತು, ಮುಗಿದಿದೆ.

ಮೊದಲು ಖರ್ಚನ್ನು ನೋಡೋಣ. ಈ ಗಾತ್ರದ ಟ್ರೇಲರುಗಳ ಹೀಟರ್ ಫ್ಯಾನ್ ಓಡುತ್ತಿರುವಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ. ಚಳಿಯ ರಾತ್ರಿ ಹತ್ತು ಗಂಟೆಯಲ್ಲಿ ಅದು ಅರ್ಧ ಹೊತ್ತು ಓಡಿದರೂ 35 ಆಂಪಿಯರ್-ಅವರ್ ಆಯಿತು. ಗ್ಯಾಸ್ ಸೋರಿಕೆಯ ಎಚ್ಚರಿಕೆ ಯಂತ್ರ, ಗ್ಯಾಸ್ ಫ್ರಿಜ್ಜಿನ ನಿಯಂತ್ರಣ ಫಲಕ, ಆರಿಸಿದಂತೆ ಕಾಣುತ್ತಲೇ ಎಚ್ಚರವಾಗಿರುವ ರೇಡಿಯೊ, ಇವೆಲ್ಲ ಸೇರಿ ಒಂದು ಆಂಪಿಯರಿನಷ್ಟು ಕುಡಿಯುತ್ತವೆ. ಇದು ಹಗಲು ರಾತ್ರಿ ನಿಲ್ಲದ ಖರ್ಚಾದ್ದರಿಂದ ದಿನಕ್ಕೆ 24 ಆಗುತ್ತದೆ. ಇನ್ನು ನೀವು ಲೆಕ್ಕಕ್ಕೇ ತೆಗೆದುಕೊಳ್ಳದ ಇನ್ವರ್ಟರ್. ಅದಕ್ಕೆ ಏನನ್ನೂ ಜೋಡಿಸದಿದ್ದರೂ, ಸ್ವಿಚ್ ಹಾಕಿದ್ದರೆ ಅದು ತನ್ನನ್ನು ತಾನು ನಡೆಸಿಕೊಳ್ಳಲು ಸುಮಾರು ಒಂದು ಆಂಪಿಯರ್ ತಿನ್ನುತ್ತದೆ. ದೊಡ್ಡ ಇನ್ವರ್ಟರ್ ಆದರೆ ಎರಡು. ನೀವದನ್ನು ರಾತ್ರಿ ಆರಿಸಿದ್ದೀರೆಂದು ಬರೆದಿಲ್ಲ, ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಆರಿಸುವುದಿಲ್ಲ. ಹಾಗಾದರೆ ಮತ್ತೆ 24. ದೀಪ, ನೀರಿನ ಪಂಪು, ಫೋನು, ಲ್ಯಾಪ್‌ಟಾಪ್ ಎಲ್ಲಕ್ಕೂ ಹದಿನೈದಿಪ್ಪತ್ತು ಹಾಕಿದರೆ ದಿನದ ಒಟ್ಟು ಖರ್ಚು 100ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ನೀರಿನ ಪಂಪು ಓಡುವಾಗ ಸದ್ದು ಮಾಡುವುದರಿಂದ ಎಲ್ಲರೂ ಅದನ್ನೇ ದೂರುತ್ತಾರೆ. ಆದರೆ ದಿನಕ್ಕೆ ಕೆಲವೇ ನಿಮಿಷ ಓಡುವ ಅದರ ಪಾಲು ನಗಣ್ಯ. ಸದ್ದಿಲ್ಲದೆ 24 ಗಂಟೆಯೂ ಕುಡಿಯುವವುಗಳನ್ನು ಹಿಡಿಯಬೇಕು.

ಈಗ ನಿಮ್ಮ ಬಳಿ ಇದ್ದದ್ದೆಷ್ಟು ಎಂಬ ಪ್ರಶ್ನೆ. ಹೆಸರಿಗೆ 200 ಆಂಪಿಯರ್-ಅವರ್. ಆದರೆ ಆ ಅಂಕಿ ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, 20 ಗಂಟೆಗಳ ಕಾಲ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವಂಥದ್ದು. ಉಷ್ಣತೆ ಸೊನ್ನೆಯ ಹತ್ತಿರ ಇಳಿದಾಗ ಸೀಸ-ಆಮ್ಲ ಬ್ಯಾಟರಿಯ ಸಾಮರ್ಥ್ಯ ಐದರಲ್ಲೊಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಮನೆಯಿಂದ ಹೊರಟಾಗಲೇ ಅವು ತುಂಬಿರಲಿಲ್ಲ ಎಂಬುದು ನನ್ನ ಅಂದಾಜು. ಮನೆಯ ವಿದ್ಯುತ್ತನ್ನು 12 ವೋಲ್ಟಿನ ಮಟ್ಟಕ್ಕೆ ಇಳಿಸಿ ಬ್ಯಾಟರಿ ಚಾರ್ಜ್ ಮಾಡುವ, ಟ್ರೇಲರಿನೊಳಗಿನ ಹಳೆಯ ಮಾದರಿಯ ಕನ್ವರ್ಟರುಗಳು 13.6 ವೋಲ್ಟಿನ ಆಚೆಗೆ ಹೋಗುವುದೇ ಇಲ್ಲ. ತುಂಬಿದ ಬ್ಯಾಟರಿಯನ್ನು ತುಂಬಿದ ಸ್ಥಿತಿಯಲ್ಲೇ ಕಾಯ್ದುಕೊಳ್ಳಲು ಆ ವೋಲ್ಟೇಜು ಸರಿ. ಖಾಲಿಯಾದದ್ದನ್ನು ತುಂಬಿಸಲು 14.4ರಿಂದ 14.8 ವೋಲ್ಟ್ ಬೇಕು. 13.6ರಲ್ಲಿ ಅದು ತುಂಬುವುದಿಲ್ಲವೆಂದಲ್ಲ, ಆದರೆ ಒಂದು ರಾತ್ರಿಯಲ್ಲಿ ತುಂಬುವುದಿಲ್ಲ. ಎರಡು ಮೂರು ದಿನವಾದರೂ ಬೇಕು. ಹೀಗಾಗಿ ನೀವು ಹೊರಟಾಗ ಇದ್ದದ್ದು 160ರಷ್ಟು ಎಂದುಕೊಳ್ಳೋಣ. ಚಳಿ ಅದರಲ್ಲೂ ಒಂದಿಷ್ಟನ್ನು ಕಿತ್ತುಕೊಂಡ ಮೇಲೆ ಕೈಗೆ ಸಿಗುವುದು 140ರ ಒಳಗೆ. ಮೊದಲ ದಿನದ ಮಧ್ಯಾಹ್ನದಿಂದ ಎರಡನೆಯ ರಾತ್ರಿ ಮೂರರವರೆಗಿನ ಖರ್ಚನ್ನು ಇದೇ ದರದಲ್ಲಿ ಕೂಡಿಸಿ, ಸೌರಫಲಕ ಕೊಟ್ಟ ಇಪ್ಪತ್ತನ್ನು ಕಳೆದು ನೋಡಿ. ಎರಡೂ ಲೆಕ್ಕ ಬಂದು ಸೇರುವುದು ಒಂದೇ ಜಾಗದಲ್ಲಿ.

ಹಾಗಾದರೆ ದಾರಿಯಲ್ಲಿ ಮೂರು ಗಂಟೆ ಆದ ಚಾರ್ಜ್ ಏನಾಯಿತು? ವಾಹನ ಓಡುತ್ತಿದ್ದರೆ ಟ್ರೇಲರಿನ ಬ್ಯಾಟರಿ ತುಂಬುತ್ತದೆ ಎಂಬಷ್ಟು ಗಟ್ಟಿಯಾಗಿ ಬೇರೂರಿರುವ ತಪ್ಪು ನಂಬಿಕೆಯನ್ನು ನಾನು ಈ ಕೆಲಸದಲ್ಲಿ ಇನ್ನೊಂದು ಕಂಡಿಲ್ಲ. ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸುವ ವಾಹನದ ಆಲ್ಟರ್ನೇಟರಿನಿಂದ ಟ್ರೇಲರಿನ ಬ್ಯಾಟರಿಯವರೆಗೆ ತಂತಿ ಎಂಟು ಮೀಟರ್ ಇದೆ ಎನ್ನೋಣ. ಹೋಗಿ ಬರುವ ದಾರಿ ಸೇರಿ 16 ಮೀಟರ್. ತಂತಿ 2.5 ಚದರ ಮಿಲಿಮೀಟರ್ ದಪ್ಪದ್ದಾದರೆ ಅದರ ರೋಧ ಸುಮಾರು 0.11 ಓಮ್. ಅದರಲ್ಲಿ 10 ಆಂಪಿಯರ್ ಹರಿದರೆ 1.1 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಆಲ್ಟರ್ನೇಟರ್ 14.2 ಕೊಟ್ಟರೂ ಬ್ಯಾಟರಿಗೆ ಮುಟ್ಟುವುದು 13.1. ಕನೆಕ್ಟರಿನ ಪಿನ್ನುಗಳಿಗೆ ಕಿಲುಬು ಹಿಡಿದಿದ್ದರೆ ಅದೂ ಇಲ್ಲ. ಇಂಧನ ಉಳಿಸಲೆಂದು ಆಲ್ಟರ್ನೇಟರಿನ ವೋಲ್ಟೇಜನ್ನು ತಾನೇ ತಗ್ಗಿಸಿಕೊಳ್ಳುವ ಹೊಸ ವಾಹನಗಳಲ್ಲಿ ಸ್ಥಿತಿ ಇನ್ನೂ ಕಳಪೆ. ಪ್ರಯಾಣದ ವೇಳೆ ಫ್ರಿಜ್ಜನ್ನು ಗ್ಯಾಸಿನಿಂದ 12 ವೋಲ್ಟಿನ ವಿದ್ಯುತ್ತಿಗೆ ಬದಲಿಸುವ ರೂಢಿ ನಿಮಗಿದ್ದರೆ, ಹತ್ತು ಹದಿನೈದು ಆಂಪಿಯರ್ ಎಳೆಯುವ ಅದರ ಹೀಟರು ಬಂದದ್ದನ್ನೆಲ್ಲ ನುಂಗಿ ಬ್ಯಾಟರಿಗೂ ಕೈಹಾಕಿರುತ್ತದೆ. ಒಮ್ಮೆ ಒಬ್ಬರು ಮೂರು ತಿಂಗಳಲ್ಲಿ ಎರಡು ಜೊತೆ ಬ್ಯಾಟರಿ ಬದಲಿಸಿ ನನ್ನಲ್ಲಿಗೆ ಬಂದರು. ತಂಗುವ ಜಾಗ ತಲುಪಿದ ಮೇಲೆ ಫ್ರಿಜ್ಜಿನ ಗುಂಡಿಯನ್ನು ಮತ್ತೆ ಗ್ಯಾಸಿಗೆ ತಿರುಗಿಸಲು ಅವರು ಪ್ರತಿ ಸಲವೂ ಮರೆಯುತ್ತಿದ್ದರು, ಅಷ್ಟೇ.

ಇದಕ್ಕೆ ಮದ್ದು ಇದೆ. ಟ್ರೇಲರಿನ ಬ್ಯಾಟರಿಯ ಪಕ್ಕದಲ್ಲೇ ಕೂರಿಸುವ ಡಿಸಿ-ಡಿಸಿ ಚಾರ್ಜರು ದಾರಿಯಲ್ಲಿ ಇಳಿದು ಬಂದ ವೋಲ್ಟೇಜನ್ನು ಎತ್ತಿ ಬ್ಯಾಟರಿಗೆ ಬೇಕಾದ 14.4ಕ್ಕೆ ತಂದು ಕೊಡುತ್ತದೆ. ಆದರೆ ಅದು 20 ಆಂಪಿಯರ್ ಕೊಡಬೇಕಾದರೆ ವಾಹನದ ಕಡೆಯಿಂದ ಅದಕ್ಕಿಂತ ಹೆಚ್ಚು ಎಳೆಯುತ್ತದಾದ್ದರಿಂದ ಮೂಲ ತಂತಿಯನ್ನೇ ನಂಬಿ ಕೂರುವಂತಿಲ್ಲ. ದಪ್ಪ ತಂತಿಯನ್ನು ಬೇರೆಯಾಗಿ ಎಳೆದು ಎರಡೂ ತುದಿಗಳಲ್ಲಿ ಫ್ಯೂಸ್ ಹಾಕಬೇಕು. ದಿನ ಬಿಟ್ಟು ದಿನ ಊರು ಬದಲಿಸುವವರಿಗೆ ಇದು ಒಳ್ಳೆಯ ದಾರಿ. ನಾಲ್ಕು ದಿನ ಒಂದೇ ಕಡೆ ನಿಲ್ಲುವ ನಿಮಗೆ ಇದರಿಂದ ಆಗುವ ಲಾಭ ಮೊದಲ ದಿನದ್ದು ಮಾತ್ರ. ನಿಂತಲ್ಲೇ ಎಂಜಿನ್ ಚಾಲೂ ಇಟ್ಟು ಚಾರ್ಜ್ ಮಾಡುವುದಂತೂ ಇಂಧನಕ್ಕೂ ಎಂಜಿನ್ನಿಗೂ ದಂಡ.

ಗೋಡೆಯ ಮೇಲಿನ ನಾಲ್ಕು ದೀಪಗಳ ವಿಚಾರಕ್ಕೆ ಬರೋಣ. ಅವು ಅಳೆಯುವುದು ಆ ಕ್ಷಣದ ವೋಲ್ಟೇಜನ್ನೇ ಹೊರತು ಒಳಗೆ ಉಳಿದಿರುವ ವಿದ್ಯುತ್ತನ್ನಲ್ಲ. ಬೆಳಿಗ್ಗೆ ಹತ್ತಕ್ಕೆ ಫಲಕದ ಮೇಲೆ ಬಿಸಿಲು ಬಿದ್ದು ನಾಲ್ಕು ಆಂಪಿಯರ್ ಒಳಗೆ ಹೋಗುತ್ತಿದ್ದರೆ ಅರ್ಧ ಖಾಲಿಯಾದ ಬ್ಯಾಟರಿಯೂ 13 ವೋಲ್ಟ್ ತೋರಿಸುತ್ತದೆ. ದೀಪಗಳಿಗೆ ಅದೇ ಪೂರ್ಣ. ಸೀಸ-ಆಮ್ಲ ಬ್ಯಾಟರಿಯ ವೋಲ್ಟೇಜು ಸತ್ಯ ನುಡಿಯಬೇಕಾದರೆ ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ನಿಲ್ಲಿಸಿ ಕೆಲವು ಗಂಟೆ ಸುಮ್ಮನಿರಲು ಬಿಡಬೇಕು. ಆಗ 12.6ರಿಂದ 12.7 ಇದ್ದರೆ ತುಂಬಿದೆ, 12.2ರ ಸುಮಾರಿಗಿದ್ದರೆ ಅರ್ಧ ಉಳಿದಿದೆ, 12ಕ್ಕಿಂತ ಕೆಳಗಿದ್ದರೆ ನೀವು ಬ್ಯಾಟರಿಯ ಆಯುಸ್ಸನ್ನೇ ಖರ್ಚು ಮಾಡುತ್ತಿದ್ದೀರಿ. ತಂಗುದಾಣದಲ್ಲಿ ಹಾಗೆ ಗಂಟೆಗಟ್ಟಲೆ ಕಾಯುವುದು ಆಗದ ಮಾತು. ಆದ್ದರಿಂದ ನೀವು ಮೊದಲು ಕೊಳ್ಳಬೇಕಾದದ್ದು ಶಂಟ್ ಆಧಾರಿತ ಮಾಪಕ. ಬ್ಯಾಟರಿಯ ಋಣ ತುದಿಯಲ್ಲಿ ಜೋಡಿಸುವ ಈ ಸಣ್ಣ ಸಾಧನ ಒಳಹೋದ ಹೊರಬಂದ ಪ್ರತಿ ಆಂಪಿಯರನ್ನೂ ಎಣಿಸುತ್ತದೆ. ಎಲ್ಲ ಉಪಕರಣಗಳ ಋಣ ತಂತಿಗಳೂ ಅದರ ಇನ್ನೊಂದು ಬದಿಗೇ ಬರಬೇಕು; ಒಂದು ತಂತಿ ನೇರವಾಗಿ ಬ್ಯಾಟರಿಗೆ ಉಳಿದುಬಿಟ್ಟರೆ ಎಣಿಕೆ ಅಷ್ಟರಮಟ್ಟಿಗೆ ಸುಳ್ಳಾಗುತ್ತದೆ. ಮಾಪಕ ಕೂರಿಸಿದ ಸಂಜೆ ಒಂದೊಂದೇ ಸ್ವಿಚ್ ಹಾಕಿ ಆರಿಸಿ ನೋಡಿ. ನಾನು ಮೇಲೆ ಅಂದಾಜಿನಲ್ಲಿ ಬರೆದ ಅಂಕಿಗಳ ಜಾಗದಲ್ಲಿ ನಿಮ್ಮದೇ ಟ್ರೇಲರಿನ ನಿಜವಾದ ಅಂಕಿಗಳು ಅರ್ಧ ಗಂಟೆಯಲ್ಲಿ ಸಿಗುತ್ತವೆ.

ಸೌರಫಲಕದ ಮೇಲೆ ಬರೆದಿರುವ 100 ವಾಟ್ ಪ್ರಯೋಗಾಲಯದ ಮಾತು. ಛಾವಣಿಯ ಮೇಲೆ ಅಂಗಾತ ಮಲಗಿದ ಫಲಕ ಬೇಸಿಗೆಯ ಒಳ್ಳೆಯ ದಿನದಲ್ಲಿ 25ರಿಂದ 30 ಆಂಪಿಯರ್-ಅವರ್ ಕೊಟ್ಟೀತು; ಸೂರ್ಯ ತಗ್ಗಿನಲ್ಲೇ ಸಾಗುವ ಚಳಿಗಾಲದ ಹೊಸ್ತಿಲಲ್ಲಿ ಅದರ ಅರ್ಧ; ಮರಗಳ ನಡುವೆ ಇನ್ನೂ ಕಡಿಮೆ. ಫಲಕದ ಕೋಶಗಳು ಸರಣಿಯಲ್ಲಿ ಜೋಡಿಸಲ್ಪಟ್ಟಿರುವುದರಿಂದ ಒಂದೇ ಕೊಂಬೆಯ ನೆರಳು ಎರಡು ಮೂರು ಕೋಶಗಳ ಮೇಲೆ ಬಿದ್ದರೂ ಉತ್ಪಾದನೆ ಅರ್ಧಕ್ಕೆ ಕುಸಿಯಬಹುದು. ನೆರಳಿನಲ್ಲಿ ಟ್ರೇಲರ್ ನಿಲ್ಲಿಸುವ ಸುಖ ಮತ್ತು ಬಿಸಿಲಿನಲ್ಲಿ ಫಲಕ ಇಡುವ ಅಗತ್ಯ ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ನಿಮ್ಮಂಥವರಿಗೆ ನಾನು ಹೇಳುವುದು ಛಾವಣಿಯ ಮೇಲೆ ಇನ್ನಷ್ಟು ಫಲಕ ಹಾಕಿಸಿ ಎಂದಲ್ಲ; 200 ವಾಟಿನ ಮಡಚುವ ಫಲಕವೊಂದನ್ನು ಉದ್ದದ ದಪ್ಪ ತಂತಿಯೊಂದಿಗೆ ಇಟ್ಟುಕೊಂಡು, ಬಯಲಿನಲ್ಲಿ ಸೂರ್ಯನ ಕಡೆ ಓರೆಯಾಗಿ ನಿಲ್ಲಿಸಿ, ದಿನಕ್ಕೆ ಎರಡು ಮೂರು ಸಲ ತಿರುಗಿಸಿ ಎಂದು. ಅದೇ ಋತುವಿನ ನಿರ್ಮಲ ದಿನಗಳಲ್ಲಿ ಅದೊಂದೇ 40ರಿಂದ 50 ತರುವುದನ್ನು ನೋಡಿದ್ದೇನೆ. ಮೋಡ ಕವಿದ ದಿನ ಅದರ ಕಾಲು ಭಾಗವೂ ಬರದಿರಬಹುದು, ಅದು ಈ ದಾರಿಯ ಅಪಾಯ. ಫಲಕ ಮತ್ತು ಬ್ಯಾಟರಿಯ ನಡುವಿನ ಚಾರ್ಜ್ ನಿಯಂತ್ರಕ, ಫಲಕದ ಹೆಚ್ಚುವರಿ ವೋಲ್ಟೇಜನ್ನೂ ಚಾರ್ಜಿನ ಪ್ರವಾಹವಾಗಿ ಬದಲಿಸುವ ಎಂಪಿಪಿಟಿ ಮಾದರಿಯದ್ದಾಗಿರಲಿ. ಅಗ್ಗದ ಪಿಡಬ್ಲ್ಯುಎಂ ಮಾದರಿಯದು ಫಲಕದ 18 ವೋಲ್ಟನ್ನು ಬ್ಯಾಟರಿಯ 13ಕ್ಕೆ ಎಳೆದು ಇಳಿಸಿ ನಡುವಿನ ವ್ಯತ್ಯಾಸವನ್ನು ಬಳಸದೆ ಬಿಡುತ್ತದೆ. ಚಳಿಯಲ್ಲಿ ಫಲಕದ ವೋಲ್ಟೇಜು ಏರುವುದರಿಂದ ಆ ನಷ್ಟವೂ ಏರುತ್ತದೆ.

ಜನರೇಟರ್ ಸಲಹೆ ತಪ್ಪಲ್ಲ, ಆದರೆ ಅದನ್ನು ಬಳಸುವ ಹೊತ್ತು ಮುಖ್ಯ. ಸೀಸ-ಆಮ್ಲ ಬ್ಯಾಟರಿ ಸುಮಾರು 80 ಶೇಕಡದವರೆಗೆ ಕೊಟ್ಟಷ್ಟನ್ನೂ ತೆಗೆದುಕೊಳ್ಳುತ್ತದೆ. ಆಮೇಲೆ ಅದರ ಬಾಯಿ ಕಿರಿದಾಗುತ್ತ ಹೋಗುತ್ತದೆ. ಕೊನೆಯ 20 ಶೇಕಡ ತುಂಬಲು ನಾಲ್ಕು ಗಂಟೆಯೋ ಅದಕ್ಕೂ ಹೆಚ್ಚೋ ಬೇಕು, ನೀವು ಎಷ್ಟೇ ದೊಡ್ಡ ಯಂತ್ರ ತಂದು ನಿಲ್ಲಿಸಿದರೂ. ಆ ಕೊನೆಯ ಪಾಲನ್ನು ಜನರೇಟರಿನಿಂದ ತುಂಬಿಸಹೊರಟರೆ ಮೂಗಿಗಿಂತ ಮೂಗುತಿ ಭಾರ. ಮೂರು ನಾಲ್ಕು ಆಂಪಿಯರಿಗಾಗಿ ಇಡೀ ಮಧ್ಯಾಹ್ನ ಎಂಜಿನ್ನಿನ ಗದ್ದಲ. ಬೆಳಿಗ್ಗೆ ಬ್ಯಾಟರಿ ಅತ್ಯಂತ ಖಾಲಿಯಾಗಿರುವಾಗ ಒಂದೂವರೆ ಎರಡು ಗಂಟೆ ಜನರೇಟರ್ ಓಡಿಸಿ, ಉಳಿದದ್ದನ್ನು ಮಧ್ಯಾಹ್ನದ ಬಿಸಿಲಿಗೆ ಬಿಡುವುದು ಸರಿಯಾದ ಕ್ರಮ. ಜನರೇಟರಿನ ಮೈಮೇಲಿರುವ 12 ವೋಲ್ಟಿನ ಸಾಕೆಟ್ಟನ್ನು ಮರೆತುಬಿಡಿ. ಎಂಟು ಆಂಪಿಯರಿನ ಆಸುಪಾಸಿನ ಅದರ ಪ್ರವಾಹದಿಂದ ನಿಮ್ಮ ಕೆಲಸ ಆಗದು. ಟ್ರೇಲರಿನ ಮುಖ್ಯ ವಿದ್ಯುತ್ ಕೇಬಲ್ಲನ್ನೇ ಜನರೇಟರಿಗೆ ಹಾಕಿ ಕನ್ವರ್ಟರಿನ ಮೂಲಕ ಚಾರ್ಜ್ ಮಾಡಬೇಕು. ಕನ್ವರ್ಟರು ಹಳೆಯದಾಗಿದ್ದರೆ ಅದೇ 13.6ರ ಗೋಡೆಗೆ ಮತ್ತೆ ಬಂದು ಡಿಕ್ಕಿ ಹೊಡೆಯುತ್ತೀರಿ. ಆದ್ದರಿಂದ ಹಂತಹಂತವಾಗಿ ಚಾರ್ಜ್ ಮಾಡುವ ಹೊಸ ಕನ್ವರ್ಟರು ಜನರೇಟರಿಗಿಂತ ಮೊದಲು ಬರಬೇಕು. ಅದೊಂದನ್ನು ಬದಲಿಸಿದರೆ ಮನೆಯಲ್ಲಿ ರಾತ್ರಿಯಿಡೀ ಮಾಡುವ ಚಾರ್ಜಿಗೂ ಅರ್ಥ ಬರುತ್ತದೆ.

ಜನರೇಟರಿನ ಹೊಗೆಯ ವಿಷಯದಲ್ಲಿ ಮಾತ್ರ ನಾನು ರಿಯಾಯಿತಿ ಮಾಡುವುದಿಲ್ಲ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿರುವವರು ಎಚ್ಚರಗೊಳ್ಳುವುದಿಲ್ಲ. ಯಂತ್ರ ಟ್ರೇಲರಿನ ಕಿಟಕಿ ಬಾಗಿಲುಗಳಿಂದ ಆರು ಮೀಟರಾದರೂ ದೂರವಿರಲಿ, ಹೊಗೆಕೊಳವೆ ಆಚೆ ಮುಖ ಮಾಡಿರಲಿ, ಪಕ್ಕದ ಟ್ರೇಲರಿನವರ ಕಿಟಕಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಮಲಗುವ ಮುನ್ನ ಆರಿಸಿ.

ಮತ್ತೆರಡು ಬ್ಯಾಟರಿ ಸೇರಿಸುವುದರಿಂದ ಏನಾಗುತ್ತದೆ? ದಿನಕ್ಕೆ 80 ಕೊರತೆ ಇರುವವರೆಗೆ ದೊಡ್ಡ ಕೊಡ ತಂದರೂ ನಲ್ಲಿಯ ನೀರು ಹೆಚ್ಚುವುದಿಲ್ಲ. ಫ್ಯಾನ್ ನಿಲ್ಲುವ ರಾತ್ರಿ ಎರಡನೆಯದರಿಂದ ನಾಲ್ಕನೆಯದಕ್ಕೆ ಸರಿಯುತ್ತದೆ, ಅಷ್ಟೆ. ನಿಮ್ಮ ಪ್ರವಾಸಗಳೆಲ್ಲ ಎರಡು ಮೂರು ರಾತ್ರಿಯವೇ ಆಗಿದ್ದು, ಮರಳಿದ ಮೇಲೆ ಪೂರ್ತಿ ಚಾರ್ಜ್ ಮಾಡುವ ಅನುಕೂಲವಿದ್ದಿದ್ದರೆ ಇದನ್ನೇ ಒಪ್ಪುತ್ತಿದ್ದೆ. ಆದರೆ ಹೊಸ ಬ್ಯಾಟರಿಗಳನ್ನು ವರ್ಷ ಹಳೆಯವುಗಳ ಜೊತೆ ಜೋಡಿಸಿದರೆ ಹಳೆಯವು ಹೊಸವನ್ನೂ ತಮ್ಮ ಮಟ್ಟಕ್ಕೆ ಎಳೆಯುತ್ತವೆ. ಒಂದೊಂದೂ 27ರಿಂದ 30 ಕಿಲೋ ತೂಗುವುದರಿಂದ ಟ್ರೇಲರಿನ ಮೂತಿಯ ಭಾರ, ಎಂದರೆ ವಾಹನದ ಕೊಂಡಿಯ ಮೇಲೆ ಬೀಳುವ ಭಾರ, ಮಿತಿಯೊಳಗಿದೆಯೇ ಎಂಬುದನ್ನೂ ನೋಡಬೇಕು.

ಲಿಥಿಯಂ ಬಗ್ಗೆ ನೀವು ಕೇಳಿರುವ ಹೊಗಳಿಕೆ ಬಹುಪಾಲು ನಿಜ. ಟ್ರೇಲರುಗಳಿಗೆ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 100 ಎಂದರೆ ಹೆಚ್ಚುಕಡಿಮೆ ಅಷ್ಟನ್ನೂ ಬಳಸಬಹುದು. ಸೀಸದ್ದರಲ್ಲಿ ಅರ್ಧಕ್ಕೆ ನಿಲ್ಲಿಸುವುದು ಕ್ಷೇಮ. ತೂಕವೂ ಅರ್ಧಕ್ಕಿಂತ ಕಡಿಮೆ. ನಿಮ್ಮ ಮಟ್ಟಿಗೆ ಅದರ ದೊಡ್ಡ ಗುಣವೆಂದರೆ ಬಹುತೇಕ ತುಂಬುವವರೆಗೂ ಅದು ಕೊಟ್ಟಷ್ಟು ಪ್ರವಾಹವನ್ನು ಸ್ವೀಕರಿಸುತ್ತದೆ, ಮತ್ತು ಅರೆಬರೆ ತುಂಬಿದ ಸ್ಥಿತಿಯಲ್ಲಿ ದಿನಗಟ್ಟಲೆ ಇದ್ದರೂ ಕೆಡುವುದಿಲ್ಲ. ಸೀಸ-ಆಮ್ಲ ಬ್ಯಾಟರಿ ಹಾಗಲ್ಲ; ಪೂರ್ತಿ ತುಂಬದೆ ಉಳಿದಷ್ಟು ದಿನವೂ ಅದರೊಳಗಿನ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾದ ಹರಳುಗಳಾಗಿ ಕೂರುತ್ತದೆ, ಹಾಗೆ ಕೂತಷ್ಟು ಸಾಮರ್ಥ್ಯ ಮರಳಿ ಬರುವುದಿಲ್ಲ. ಬಿಸಿಲನ್ನು ನಂಬಿ ತಂಗುವವರಿಗೆ ಲಿಥಿಯಂ ಒಗ್ಗುವುದು ಈ ಕಾರಣಕ್ಕೆ.

ಅದರ ತೊಡಕುಗಳನ್ನೂ ತಿಳಿದುಕೊಳ್ಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ. ಮಾಡಿದರೆ ಒಳಗೆ ಲೋಹದ ಲಿಥಿಯಂ ಪದರಗಟ್ಟಿ ಶಾಶ್ವತ ಹಾನಿಯಾಗುತ್ತದೆ. ಒಳ್ಳೆಯ ಬ್ಯಾಟರಿಯ ರಕ್ಷಣಾ ವ್ಯವಸ್ಥೆ ಅಂಥ ಹೊತ್ತಿನಲ್ಲಿ ಚಾರ್ಜನ್ನು ತಾನೇ ಕಡಿಯುತ್ತದೆ, ಎಂದರೆ ನಿಮಗೆ ಅತ್ಯಂತ ಬೇಕಾದ ಚಳಿಯ ಬೆಳಗಿನಲ್ಲಿ ಸೌರಫಲಕದ ವಿದ್ಯುತ್ತು ಒಳಗೆ ಹೋಗುವುದೇ ಇಲ್ಲ. ಹೊರಗಿನ ಪೆಟ್ಟಿಗೆಯಿಂದ ತೆಗೆದು ಟ್ರೇಲರಿನ ಒಳಗೆ ಇರಿಸುವುದು ಇದಕ್ಕೆ ಸರಳ ಪರಿಹಾರ. ತನ್ನನ್ನು ತಾನು ಬೆಚ್ಚಗಾಗಿಸಿಕೊಳ್ಳುವ ಮಾದರಿಗಳೂ ಇವೆ, ಆ ಬಿಸಿಗೂ ವಿದ್ಯುತ್ತು ಖರ್ಚಾಗುತ್ತದೆ. ಖಾಲಿ ಬ್ಯಾಟರಿಯನ್ನು ನಡುವೆ ನಿಯಂತ್ರಣವಿಲ್ಲದೆ ವಾಹನಕ್ಕೆ ಜೋಡಿಸಿದರೆ ಅದು ಮಿತಿಯಿಲ್ಲದೆ ಎಳೆದು ಆಲ್ಟರ್ನೇಟರನ್ನೋ ತಂತಿಯನ್ನೋ ಸುಡಬಹುದು, ಆದ್ದರಿಂದ ಇಲ್ಲಿ ಡಿಸಿ-ಡಿಸಿ ಚಾರ್ಜರು ಕಡ್ಡಾಯ. ಕನ್ವರ್ಟರು ಮತ್ತು ಸೌರ ನಿಯಂತ್ರಕ ಎರಡರಲ್ಲೂ ಲಿಥಿಯಂ ಹೊಂದಿಕೆ ಇರಬೇಕು. ಇದರ ವೋಲ್ಟೇಜು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ ಗೋಡೆಯ ನಾಲ್ಕು ದೀಪಗಳು ಆಗ ಪೂರ್ತಿ ನಿರುಪಯೋಗಿ. ಇಷ್ಟೆಲ್ಲ ಮಾಡಿಸಿದರೂ ದಿನದ ಕೊರತೆ ಹಾಗೇ ಇದ್ದರೆ ಬ್ಯಾಟರಿ ಮುಗಿಯುವುದು ತಪ್ಪುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಪಕ ಕೂರಿಸಿ, ಇನ್ವರ್ಟರನ್ನು ಬಳಸುವಾಗ ಮಾತ್ರ ಹಾಕಿ, ಸಾಧ್ಯವಾದರೆ ಲ್ಯಾಪ್‌ಟಾಪಿಗೆ ನೇರ 12 ವೋಲ್ಟಿನ ಚಾರ್ಜರ್ ತಂದು, ಹೀಟರಿನ ತಾಪಮಾನವನ್ನು ರಾತ್ರಿ ಎರಡು ಮೂರು ಡಿಗ್ರಿ ಇಳಿಸಿ ಖರ್ಚನ್ನು 65ರ ಸುಮಾರಿಗೆ ತರುತ್ತಿದ್ದೆ. ಕನ್ವರ್ಟರ್ ಬದಲಿಸಿ, ಮಡಚುವ ಫಲಕ ಸೇರಿಸಿದರೆ ದಿನದ ಕೊರತೆ ಹತ್ತು ಹದಿನೈದಕ್ಕೆ ಇಳಿಯುತ್ತದೆ, ಅದನ್ನು ನಾಲ್ಕು ದಿನ ನಿಮ್ಮ ಈಗಿನ ಬ್ಯಾಟರಿಗಳೇ ಹೊರುತ್ತವೆ. ನಡುವೆ ಒಂದು ದಿನ ಮೋಡ ಕವಿದರೂ ತಡೆದಾವು. ಎರಡು ದಿನ ಕವಿದರೆ ಜನರೇಟರ್ ಬೇಕಾಗುತ್ತದೆ, ಅದನ್ನು ಬಾಡಿಗೆಗೆ ತಂದರೂ ಸಾಕು. ನಿಲ್ಲದ ಖರ್ಚನ್ನು ತಡೆಯಲೆಂದು ಬ್ಯಾಟರಿಗೆ ಕಡಿತದ ಸ್ವಿಚ್ ಹಾಕಿಸುವುದಾದರೆ ಒಂದು ಎಚ್ಚರಿಕೆ: ಟ್ರೇಲರ್ ಕಳಚಿಕೊಂಡಾಗ ತಾನಾಗಿ ಬೀಳುವ ತುರ್ತು ಬ್ರೇಕಿನ ತಂತಿ ಆ ಸ್ವಿಚ್ಚಿನ ಆಚೆಗೆ, ನೇರ ಬ್ಯಾಟರಿಯಲ್ಲೇ ಇರಬೇಕು. ಗ್ಯಾಸ್ ಮತ್ತು ಹೊಗೆಯ ಎಚ್ಚರಿಕೆ ಯಂತ್ರಗಳ ಒಂದಿಷ್ಟು ಖರ್ಚನ್ನು ಉಳಿಸಲು ಹೋಗಬೇಡಿ.

ಇದೆಲ್ಲಕ್ಕೂ ಮೊದಲು ಈಗಿರುವ ಎರಡು ಬ್ಯಾಟರಿಗಳಲ್ಲಿ ಎಷ್ಟು ಜೀವವಿದೆ ಎಂಬುದನ್ನು ನೋಡಬೇಕು, ಏಕೆಂದರೆ ಅಂದು ರಾತ್ರಿ ಅವು ತಳ ಮುಟ್ಟಿವೆ. ಮುಚ್ಚಳ ತೆಗೆಯಬಹುದಾದ ಮಾದರಿಯಾಗಿದ್ದರೆ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಒಳಗಿನ ಸೀಸದ ಫಲಕಗಳು ಮುಳುಗುವಷ್ಟು ಬಟ್ಟಿ ಇಳಿಸಿದ ನೀರು ಹಾಕಿ, ಎರಡನ್ನೂ ಬೇರ್ಪಡಿಸಿ, 14.4 ವೋಲ್ಟ್ ಮುಟ್ಟುವ ಚಾರ್ಜರಿನಲ್ಲಿ ಗಾಳಿಯಾಡುವ ಕಡೆ ಒಂದೊಂದನ್ನೂ ಇಡೀ ದಿನ ಚಾರ್ಜ್ ಮಾಡಿ. ಚಾರ್ಜಿನ ವೇಳೆ ಹೊಮ್ಮುವ ಹೈಡ್ರೋಜನ್ ಕಿಡಿ ತಾಗಿದರೆ ಸ್ಫೋಟಿಸುತ್ತದೆ ಎಂಬುದು ನೆನಪಿರಲಿ. ಕೆಲವು ಗಂಟೆ ಬಿಟ್ಟು ಹೈಡ್ರೋಮೀಟರಿನಿಂದ ಪ್ರತಿ ಕೋಶದ ಆಮ್ಲದ ಸಾಂದ್ರತೆ ಅಳೆಯಿರಿ. ಎಲ್ಲ ಕೋಶಗಳೂ 1.265ರ ಹತ್ತಿರ ಬಂದರೆ ಬ್ಯಾಟರಿಗಳು ಬದುಕಿವೆ, ಮೇಲಿನ ಯೋಜನೆ ಸಾಗಲಿ. ಎಲ್ಲವೂ ಸಮನಾಗಿ 1.220ರ ಸುಮಾರಿನಲ್ಲೇ ನಿಂತರೆ ಇನ್ನೊಂದು ದಿನ ಚಾರ್ಜ್ ಮಾಡಿ ಮತ್ತೆ ನೋಡಿ. ಒಂದೇ ಬ್ಯಾಟರಿಯ ಕೋಶಗಳ ನಡುವೆ 0.050ಕ್ಕಿಂತ ಹೆಚ್ಚು ಅಂತರವಿದ್ದರೆ ಆ ಬ್ಯಾಟರಿಯ ಕಥೆ ಮುಗಿದಿದೆ. ಆಗ ಅದರ ಜೊತೆಗಾರನನ್ನೂ ತೆಗೆಯಬೇಕಾಗುವುದರಿಂದ, ಲಿಥಿಯಂಗೆ ಹೋಗುವುದಿದ್ದರೆ ಅದೇ ಸರಿಯಾದ ಸಮಯ.